ಗ್ರಿಡ್ ಎಂಜಿನ್‌ನಲ್ಲಿ ಪ್ಯಾರಲಲ್ ಎನ್ವಿರಾನ್ಮೆಂಟ್: ನಮ್ಮ ಕ್ಲಸ್ಟರ್ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಲ್ಯಾಬಿನ ಕ್ಲಸ್ಟರ್, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು, ದೊಡ್ಡದೇನಲ್ಲ. ಯಾರ ಜಾಬ್ (ಓಡಿಸಲು ಕೊಟ್ಟ ಕೆಲಸ) ಯಾವ ನೋಡ್‌ನಲ್ಲಿ, ಅಂದರೆ ಯಾವ ಕಂಪ್ಯೂಟರ್‌ನಲ್ಲಿ, ಯಾವಾಗ ಓಡಬೇಕೆಂದು ತೀರ್ಮಾನಿಸುವ ಶೆಡ್ಯೂಲರ್ ಸಾಫ್ಟ್‌ವೇರ್ ಗ್ರಿಡ್ ಎಂಜಿನ್. ಕಾವೇರಿ ಎಂಬ ಹೆಡ್ ನೋಡ್, ಅದರ ಕೆಳಗೆ ಕಬಿನಿ, ಹೇಮಾವತಿ, ಶಿಂಷಾ, ಲೋಕಪಾವನಿ ಎಂಬ ನಾಲ್ಕು ಕಂಪ್ಯೂಟ್ ನೋಡ್‌ಗಳು. ಒಂದೊಂದರಲ್ಲಿ 16 ಕೋರ್, 64 ಜಿಬಿ ಮೆಮೊರಿ. ನೋಡ್‌ಗಳ ನಡುವೆ ಇರುವುದು ಮಾಮೂಲಿ ಗಿಗಾಬಿಟ್ ಈಥರ್ನೆಟ್. ಇಲ್ಲಿನ ರಸಾಯನಶಾಸ್ತ್ರ ಮತ್ತು ಮೆಕ್ಯಾನಿಕಲ್‌ನವರ ಜೊತೆಗೆ, ಭತ್ತದ ಜೀನೋಮ್ ಮೇಲೆ ಕೆಲಸ ಮಾಡುವ ಮಂಡ್ಯದ ಸಂಶೋಧನಾ ವಿದ್ಯಾರ್ಥಿಗಳೂ ಇದನ್ನೇ ನಂಬಿಕೊಂಡಿದ್ದಾರೆ. ಇಷ್ಟು ಜನಕ್ಕೆ ಇರುವುದು 64 ಕೋರ್. ಹಾಗಾಗಿ ಒಬ್ಬರ ಸ್ಕ್ರಿಪ್ಟಿನಲ್ಲಿ ಒಂದು ಸಾಲು ತಪ್ಪಿದರೂ ಇನ್ನೊಬ್ಬರ ಥೀಸಿಸ್ ತಡವಾಗುತ್ತದೆ.

ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಪ್ಯಾರಲಲ್ ಎನ್ವಿರಾನ್ಮೆಂಟ್ (ಪಿಇ) ಅಂದರೆ ಏನು? ಅದಿಲ್ಲದೆ ಜಾಬ್ ಕೊಡಬಾರದಾ?

ಕೊಡಬಹುದು. ಪಿಇ ಹೆಸರಿಸದೆ ಕ್ಯೂಸಬ್ (ಜಾಬ್ ಸಲ್ಲಿಸುವ ಕಮಾಂಡ್) ಮಾಡಿದರೆ ನಿಮಗೆ ಒಂದು ಸ್ಲಾಟ್ ಸಿಗುತ್ತದೆ, ಅಂದರೆ ನಮ್ಮಲ್ಲಿ ಒಂದು ಕೋರ್. ಅದಕ್ಕಿಂತ ಹೆಚ್ಚು ಬೇಕಾದರೆ ಮಾತ್ರ ಪಿಇ. ಎಷ್ಟು ಸ್ಲಾಟ್ ಬೇಕು ಎನ್ನುವುದರ ಜೊತೆಗೆ, ಅವೆಲ್ಲ ಒಂದೇ ನೋಡ್‌ನಲ್ಲಿ ಇರಬೇಕೋ ಹಲವು ನೋಡ್‌ಗಳಲ್ಲಿ ಹಂಚಿಕೊಂಡಿರಬಹುದೋ, ಬೇರೆ ನೋಡ್‌ಗಳಲ್ಲಿ ಪ್ರೋಸೆಸ್ ಶುರು ಮಾಡುವವರು ಯಾರು ಎಂಬುದನ್ನೆಲ್ಲ ಶೆಡ್ಯೂಲರ್‌ಗೆ ಹೇಳುವ ನಿಯಮಗಳ ಗುಂಪಿಗೆ ಈ ಹೆಸರು. ನಮ್ಮಲ್ಲಿ ಎರಡು ಮುಖ್ಯ ಪಿಇಗಳಿವೆ: ಎಸ್‌ಎಂಪಿ (ಎಲ್ಲವೂ ಒಂದೇ ನೋಡ್‌ನಲ್ಲಿ) ಮತ್ತು ಎಂಪಿಐ (ಪರಸ್ಪರ ಸಂದೇಶ ಕಳಿಸಿಕೊಳ್ಳುವ ಪ್ರೋಸೆಸ್‌ಗಳಿಗೆ, ಹಲವು ನೋಡ್‌ಗಳಲ್ಲೂ). ಕ್ಯೂಕಾನ್ಫ್ -ಎಸ್‌ಪಿಎಲ್ ಎಂದು ಕೊಟ್ಟರೆ ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ ಮೇಕ್ ಎಂಬುದೂ ಕಾಣುತ್ತದೆ. ಅದು ಇನ್‌ಸ್ಟಾಲ್ ಮಾಡುವಾಗಲೇ ಬರುವಂಥದ್ದು, ಕ್ಯೂಮೇಕ್‌ಗೆಂದು ಇಟ್ಟಿರುವುದು. ನಿಮ್ಮ ಜಾಬಿಗೆ ಅದನ್ನು ಬಳಸಬೇಡಿ.

8 ಸ್ಲಾಟ್ ಕೇಳಿದ್ದೀನಿ ಸರ್, ಸಿಕ್ಕಿದೆ. ಆದ್ರೂ ಒಂದು ಕೋರ್‌ನಲ್ಲಿ ಓಡೋವಷ್ಟೇ ನಿಧಾನ. ಯಾಕೆ?

ಈ ಪುಟ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ. ಪಿಇ ನಿಮ್ಮ ಪ್ರೋಗ್ರಾಂ ಅನ್ನು ಪ್ಯಾರಲಲ್ ಮಾಡುವುದಿಲ್ಲ. ಅದು ಜಾಗ ಕಾದಿರಿಸುತ್ತದೆ, ಅಷ್ಟೇ. ಆ ಜಾಗದಲ್ಲಿ ಎಷ್ಟು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಎಳೆ) ಅಥವಾ ಪ್ರೋಸೆಸ್ ಓಡಬೇಕು ಎಂದು ಪ್ರೋಗ್ರಾಂಗೆ ನೀವೇ ಹೇಳಬೇಕು.

ಮಂಡ್ಯದವರು ಹೆಚ್ಚಾಗಿ ಓಡಿಸುವ, ಡಿಎನ್‌ಎ ಸಾಲುಗಳಲ್ಲಿ ಹೋಲಿಕೆ ಹುಡುಕುವ ಬ್ಲಾಸ್ಟ್ ಪ್ರೋಗ್ರಾಂ ಅನ್ನೇ ನೋಡಿ. ಭತ್ತದ ಜೀನೋಮ್ ಸುಮಾರು 39 ಕೋಟಿ ಅಕ್ಷರಗಳಷ್ಟು ಉದ್ದ. ಅದರ ಎದುರು ಸಾವಿರಾರು ತುಣುಕುಗಳನ್ನು ಹುಡುಕುವಾಗ 8 ಕೋರ್ ಬೇಕೆನ್ನುವುದು ಸರಿಯೇ. ಆದರೆ ಸ್ಕ್ರಿಪ್ಟಿನಲ್ಲಿ ಕ್ಯೂಸಬ್ -ಪಿಇ ಎಸ್‌ಎಂಪಿ 8 ಎಂದಿದ್ದರೂ ಬ್ಲಾಸ್ಟ್ ಸಾಲಿನಲ್ಲಿ -ನಮ್_ಥ್ರೆಡ್ಸ್ ಇಲ್ಲದಿದ್ದರೆ ಅದು ಒಂದೇ ಥ್ರೆಡ್‌ನಲ್ಲಿ ಓಡುತ್ತದೆ, ಅದರ ಡೀಫಾಲ್ಟ್ ಅಷ್ಟೇ. ಉಳಿದ 7 ಕೋರ್ ರಾತ್ರಿಯಿಡೀ ಖಾಲಿ. ಬೇರೆ ಯಾರಿಗೂ ಸಿಗುವುದೂ ಇಲ್ಲ, ಏಕೆಂದರೆ ಶೆಡ್ಯೂಲರ್ ಲೆಕ್ಕದಲ್ಲಿ ಅವು ನಿಮ್ಮವು.

ಇದಕ್ಕೆ ತದ್ವಿರುದ್ಧವೂ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಓಪನ್‌ಎಂಪಿ (ಥ್ರೆಡ್‌ಗಳಲ್ಲಿ ಓಡಿಸುವ ವಿಧಾನ) ಬಳಸುವ ಪ್ರೋಗ್ರಾಂಗಳು, ನಂಪೈ ಅಥವಾ ಆರ್‌ನ ಹಿಂದೆ ಕೆಲಸ ಮಾಡುವ ಓಪನ್‌ಬ್ಲಾಸ್, ಎಂಕೆಎಲ್‌ನಂಥ ಗಣಿತದ ಲೈಬ್ರರಿಗಳು ಏನೂ ಹೇಳದಿದ್ದರೆ ನೋಡ್‌ನ ಎಲ್ಲಾ ಕೋರ್‌ಗಳನ್ನೂ ಹಿಡಿಯುತ್ತವೆ. ನೀವು ಕೇಳಿದ್ದು 2, ಓಡುವುದು 16 ಥ್ರೆಡ್. ಪಕ್ಕದಲ್ಲಿ ನ್ಯಾಯವಾಗಿ 14 ಸ್ಲಾಟ್ ಪಡೆದವರ ಜಾಬ್ ಕುಂಟುತ್ತದೆ, ಕಾರಣ ಏನೆಂದು ಅವರಿಗೆ ತಿಳಿಯುವುದೂ ಇಲ್ಲ.

ಎರಡಕ್ಕೂ ಮದ್ದು ಒಂದೇ. ಸಂಖ್ಯೆಯನ್ನು ಸ್ಕ್ರಿಪ್ಟಿನಲ್ಲಿ ಒಂದೇ ಕಡೆ ಬರೆಯಿರಿ, -ಪಿಇ ಸಾಲಿನಲ್ಲಿ. ಮಿಕ್ಕ ಎಲ್ಲಾ ಕಡೆ $ಎನ್‌ಸ್ಲಾಟ್ಸ್ ಎಂಬ ವೇರಿಯಬಲ್ ಹಾಕಿ (ಪೂರ್ತಿ ದೊಡ್ಡಕ್ಷರದಲ್ಲಿ). ಜಾಬ್ ಶುರುವಾದಾಗ ಗ್ರಿಡ್ ಎಂಜಿನ್ ತಾನು ಕೊಟ್ಟ ಸ್ಲಾಟ್‌ಗಳ ಸಂಖ್ಯೆಯನ್ನು ಅದರಲ್ಲಿ ತುಂಬಿರುತ್ತದೆ. ಬ್ಲಾಸ್ಟ್‌ಗೆ -ನಮ್_ಥ್ರೆಡ್ಸ್ $ಎನ್‌ಸ್ಲಾಟ್ಸ್. ಓಪನ್‌ಎಂಪಿ ಪ್ರೋಗ್ರಾಂಗೆ ಎಕ್ಸ್‌ಪೋರ್ಟ್ ಒಎಂಪಿ_ನಮ್_ಥ್ರೆಡ್ಸ್=$ಎನ್‌ಸ್ಲಾಟ್ಸ್ (ಎಕ್ಸ್‌ಪೋರ್ಟ್ ಬಿಟ್ಟು ಉಳಿದದ್ದು ದೊಡ್ಡಕ್ಷರ). ಎಂಪಿಐಗೆ ಎಂಪಿಐರನ್ -ಎನ್‌ಪಿ $ಎನ್‌ಸ್ಲಾಟ್ಸ್. ನಾಳೆ 8 ಅನ್ನು 4 ಮಾಡಿದರೂ ಎಲ್ಲವೂ ತಾನಾಗಿ ಹೊಂದಿಕೊಳ್ಳುತ್ತದೆ.

ಆ ಎಕ್ಸ್‌ಪೋರ್ಟ್ ಸಾಲು ಹಾಕಿದ್ದೀನಿ. ಎರರ್ ಫೈಲಿನಲ್ಲಿ "ಎಕ್ಸ್‌ಪೋರ್ಟ್: ಕಮಾಂಡ್ ನಾಟ್ ಫೌಂಡ್" ಅಂತ ಬರ್ತಿದೆ.

ನಿಮ್ಮ ಸ್ಕ್ರಿಪ್ಟ್ ಬ್ಯಾಶ್‌ನಲ್ಲಿ ಓಡುತ್ತಿಲ್ಲ, ಸಿ-ಶೆಲ್‌ನಲ್ಲಿ ಓಡುತ್ತಿದೆ. ಗ್ರಿಡ್ ಎಂಜಿನ್‌ನ ಹಳೆಯ ಡೀಫಾಲ್ಟ್ ಪ್ರಕಾರ ಕ್ಯೂನ (ಜಾಬ್‌ಗಳು ಓಡುವ ಸಾಲಿನ) ಶೆಲ್, ಅಂದರೆ ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ, ಸಿ-ಶೆಲ್, ಶೆಲ್_ಸ್ಟಾರ್ಟ್_ಮೋಡ್ ಎಂಬುದು ಪೋಸಿಕ್ಸ್_ಕಂಪ್ಲಯಂಟ್. ಈ ಮೋಡ್‌ನಲ್ಲಿ ನಿಮ್ಮ ಸ್ಕ್ರಿಪ್ಟಿನ ಮೊದಲ ಸಾಲಿನ ಬಿನ್ ಬ್ಯಾಶ್ ಅನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಪೋರ್ಟ್ ವಿಫಲವಾದರೂ ಮುಂದಿನ ಸಾಲು ಓಡುತ್ತದೆ, ಥ್ರೆಡ್ ಮಿತಿ ಇಲ್ಲದ ಪ್ರೋಗ್ರಾಂ 16 ಕೋರ್ ಹಿಡಿಯುತ್ತದೆ. ಸ್ಕ್ರಿಪ್ಟಿನಲ್ಲಿ -ಎಸ್ (ದೊಡ್ಡ ಎಸ್) ಕೊಟ್ಟು ಬ್ಯಾಶ್‌ನ ಪೂರ್ತಿ ಪಾತ್ ಬರೆಯಿರಿ. ನೀವೇ ಕ್ಲಸ್ಟರ್ ನೋಡಿಕೊಳ್ಳುವವರಾದರೆ ಕ್ಯೂನಲ್ಲೇ ಆ ಮೋಡ್ ಅನ್ನು ಯುನಿಕ್ಸ್_ಬಿಹೇವಿಯರ್ ಎಂದು ಬದಲಿಸಿಬಿಡಿ. ಪ್ರತಿ ಹೊಸ ವಿದ್ಯಾರ್ಥಿಗೂ ಇದನ್ನು ವಿವರಿಸುವ ಕೆಲಸ ತಪ್ಪುತ್ತದೆ.

ಎಸ್‌ಎಂಪಿ ಕೇಳಬೇಕಾ, ಎಂಪಿಐ ಕೇಳಬೇಕಾ?

ಪ್ರೋಗ್ರಾಂ ಥ್ರೆಡ್‌ಗಳಲ್ಲಿ ಕೆಲಸ ಮಾಡುತ್ತದಾದರೆ ಎಸ್‌ಎಂಪಿ. ಥ್ರೆಡ್‌ಗಳು ಒಂದೇ ಮೆಮೊರಿ ಹಂಚಿಕೊಳ್ಳುವುದರಿಂದ ಕಬಿನಿಯಲ್ಲಿ ಅರ್ಧ, ಶಿಂಷಾದಲ್ಲಿ ಅರ್ಧ ಓಡಲು ಸಾಧ್ಯವೇ ಇಲ್ಲ. ಬ್ಲಾಸ್ಟ್, ಆರ್, ಸಾಮಾನ್ಯ ಪೈಥಾನ್ ಕೋಡ್ ಎಲ್ಲಾ ಈ ಸಾಲಿಗೆ ಸೇರಿದವು. ಓಪನ್‌ಫೋಮ್, ಕ್ವಾಂಟಮ್ ಎಸ್ಪ್ರೆಸೊ ತರಹದವು ಎಂಪಿಐನಲ್ಲಿ ಹಲವು ನೋಡ್‌ಗಳ ಮೇಲೆ ಓಡಬಲ್ಲವು.

ಆದರೆ ಓಡಬಲ್ಲವು ಎಂದ ಮಾತ್ರಕ್ಕೆ ಓಡಿಸಲೇಬೇಕು ಎಂದಲ್ಲ. ಗಿಗಾಬಿಟ್ ಈಥರ್ನೆಟ್‌ನಲ್ಲಿ ಒಂದು ಚಿಕ್ಕ ಸಂದೇಶ ಆಚೆ ನೋಡ್ ತಲುಪಲು ಹತ್ತಾರು ಮೈಕ್ರೊಸೆಕೆಂಡ್ ಬೇಕು, ಇನ್ಫಿನಿಬ್ಯಾಂಡ್ ಎಂಬ ವೇಗದ ನೆಟ್‌ವರ್ಕ್‌ನಲ್ಲಿ ಒಂದೆರಡು ಸಾಕು. ಪ್ರೋಸೆಸ್‌ಗಳು ಕ್ಷಣಕ್ಷಣಕ್ಕೂ ಮಾತಾಡಿಕೊಳ್ಳುವ ಲೆಕ್ಕಾಚಾರವಾದರೆ ನಮ್ಮಲ್ಲಿ ಎರಡು ನೋಡ್‌ಗಳ 32 ಕೋರ್‌ಗಿಂತ ಒಂದು ನೋಡ್‌ನ 16 ಕೋರ್ ಬೇಗ ಮುಗಿಸುವುದುಂಟು. ಎಂಪಿಐ ಪ್ರೋಗ್ರಾಂ ಅನ್ನೂ ಎಸ್‌ಎಂಪಿ ಪಿಇಯಲ್ಲಿ ಓಡಿಸಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ನನ್ನ ಸಲಹೆ: ಮೊದಲು ಒಂದೇ ನೋಡ್‌ನಲ್ಲಿ ಪರೀಕ್ಷಿಸಿ, ಆಮೇಲೆ ಹೊರಗೆ ಹೋಗಿ.

300 ಫೈಲ್‌ಗಳಿವೆ, ಪ್ರತಿಯೊಂದನ್ನೂ ಬೇರೆ ಬೇರೆ ಪ್ರೊಸೆಸ್ ಮಾಡಬೇಕು. ಎಷ್ಟು ಸ್ಲಾಟ್ ಕೇಳಲಿ?

ಒಂದು. ಒಂದು ಫೈಲಿನ ಕೆಲಸಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ ನಿಮಗೆ ಪಿಇ ಬೇಡ, ಅರೇ ಜಾಬ್ ಬೇಕು. ಕ್ಯೂಸಬ್ -ಟಿ 1-300 ಎಂದು ಕೊಡಿ. ಸ್ಕ್ರಿಪ್ಟಿನೊಳಗೆ $ಎಸ್‌ಜಿಇ_ಟಾಸ್ಕ್_ಐಡಿ (ದೊಡ್ಡಕ್ಷರ) ನೋಡಿ ಆಯಾ ಫೈಲ್ ಆರಿಸಿಕೊಳ್ಳಿ. ಎಲ್ಲೆಲ್ಲಿ ಒಂದೊಂದು ಕೋರ್ ಖಾಲಿಯಾಗುತ್ತದೋ ಅಲ್ಲಲ್ಲಿ ಒಂದೊಂದು ಟಾಸ್ಕ್ ಸೇರಿಕೊಳ್ಳುತ್ತದೆ. ಜೊತೆಗೆ -ಟಿಸಿ 20 ಎಂದು ಹಾಕಿದರೆ ಒಮ್ಮೆಗೆ 20ಕ್ಕಿಂತ ಹೆಚ್ಚು ಓಡುವುದಿಲ್ಲ. ಬೇರೆಯವರಿಗೂ ಜಾಗ ಉಳಿಯಲಿ ಎಂದು ನಮ್ಮಲ್ಲಿ ಇದನ್ನು ಹಾಕಲೇಬೇಕೆಂದು ಕೇಳಿಕೊಳ್ಳುತ್ತೇವೆ.

ಹಾಗಾದರೆ ಎಷ್ಟು ಸ್ಲಾಟ್ ಕೇಳಿದರೆ ಸರಿ?

ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದವೇ ಇವತ್ತಿಗೂ ಮೊದಲ ಲೆಕ್ಕ. ನಿಮ್ಮ ಪ್ರೋಗ್ರಾಂನ ಶೇ 5ರಷ್ಟು ಭಾಗ ಒಂದಾದ ಮೇಲೆ ಒಂದರಂತೆಯೇ ಓಡಬೇಕಾದದ್ದು ಎಂದಿಟ್ಟುಕೊಳ್ಳಿ. 16 ಕೋರ್ ಕೊಟ್ಟರೆ ವೇಗ ಹೆಚ್ಚುವುದು ಸುಮಾರು 9 ಪಟ್ಟು. ಪೂರ್ತಿ ಕ್ಲಸ್ಟರ್, ಅಂದರೆ 64 ಕೋರ್ ಕೊಟ್ಟರೂ ಸುಮಾರು 15 ಪಟ್ಟು. ಎಷ್ಟೇ ಕೋರ್ ಸುರಿದರೂ 20 ಪಟ್ಟು ದಾಟುವುದಿಲ್ಲ. ನೆಟ್‌ವರ್ಕ್‌ನ ವಿಳಂಬ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಆದ್ದರಿಂದ ಅಳೆದು ನೋಡಿ. ಚಿಕ್ಕ ಇನ್‌ಪುಟ್ ಒಂದನ್ನು 1, 2, 4, 8, 16 ಸ್ಲಾಟ್‌ಗಳಲ್ಲಿ ಓಡಿಸಿ. ಮುಗಿದ ಮೇಲೆ ಕ್ಯೂಅಕೌಂಟ್ -ಜೆ ಮತ್ತು ಜಾಬ್ ನಂಬರ್ ಕೊಡಿ (ಕಮಾಂಡಿನ ಅಕ್ಷರಗಳು ಕ್ಯೂ, ಎ, ಸಿ, ಸಿ, ಟಿ). ಅಲ್ಲಿ ಮೂರು ಸಾಲು ನೋಡಿದರೆ ಸಾಕು: ಸ್ಲಾಟ್ಸ್, ಆರ್‌ಯು_ವಾಲ್‌ಕ್ಲಾಕ್, ಸಿಪಿಯು. ವಾಲ್‌ಕ್ಲಾಕ್ 36,000 ಸೆಕೆಂಡ್, ಸ್ಲಾಟ್ 8 ಇದ್ದರೆ ಎಲ್ಲಾ ಕೋರ್‌ಗಳೂ ದುಡಿದಿದ್ದಲ್ಲಿ ಸಿಪಿಯು 2,88,000ದ ಹತ್ತಿರ ಇರಬೇಕು. 36,400 ಎಂದು ಕಂಡರೆ ಒಂದೇ ಕೋರ್ ದುಡಿದಿದೆ, ಏಳು ಸುಮ್ಮನೆ ಕುಳಿತಿವೆ. 2,88,000ಕ್ಕಿಂತ ತುಂಬಾ ಹೆಚ್ಚಿದ್ದರೆ ನೀವು ಬೇರೆಯವರ ಕೋರ್ ಬಳಸಿದ್ದೀರಿ. ಸಿಪಿಯು ಅಂಕಿ ಪೂರ್ಣ ಬಳಕೆಯ ಶೇ 70ಕ್ಕಿಂತ ಕೆಳಗಿಳಿದರೆ ಸ್ಲಾಟ್ ಕಡಿಮೆ ಮಾಡಿ ಎಂಬುದು ನಾವು ಇಟ್ಟುಕೊಂಡ ಅಂದಾಜು. ಎಲ್ಲಾ ಹೊಸಬರೂ ಮೊದಲ ವಾರದಲ್ಲೇ ಇದನ್ನು ಮಾಡಿ ನೋಡಬೇಕೆಂದು ನನ್ನ ಆಸೆ.

ನಮ್ಮ ಕಾಲೇಜಿನಲ್ಲೂ ಚಿಕ್ಕ ಕ್ಲಸ್ಟರ್ ಮಾಡ್ತಿದ್ದೀವಿ. ಪಿಇ ಹೇಗೆ ಸೇರಿಸೋದು?

ಗ್ರಿಡ್ ಎಂಜಿನ್ ಮ್ಯಾನೇಜರ್ ಹಕ್ಕಿರುವ ಅಕೌಂಟ್‌ನಿಂದ ಕ್ಯೂಕಾನ್ಫ್ -ಎಪಿ ಎಂಪಿಐ ಎಂದು ಕೊಡಿ. ಎಡಿಟರ್‌ನಲ್ಲಿ ಒಂದು ಟೆಂಪ್ಲೇಟ್ ತೆರೆಯುತ್ತದೆ. ಅದರಲ್ಲಿ ನಿಜವಾಗಿ ಯೋಚಿಸಬೇಕಾದ ಸಾಲುಗಳು ನಾಲ್ಕೇ: ಸ್ಲಾಟ್ಸ್, ಅಲೊಕೇಶನ್_ರೂಲ್, ಕಂಟ್ರೋಲ್_ಸ್ಲೇವ್ಸ್, ಜಾಬ್_ಈಸ್_ಫಸ್ಟ್_ಟಾಸ್ಕ್. ಯೂಸರ್_ಲಿಸ್ಟ್ಸ್, ಎಕ್ಸ್‌ಯೂಸರ್_ಲಿಸ್ಟ್ಸ್ ಎರಡನ್ನೂ ನನ್ ಎಂದೇ ಬಿಡಿ. ಸ್ಟಾರ್ಟ್_ಪ್ರೊಕ್_ಆರ್ಗ್ಸ್, ಸ್ಟಾಪ್_ಪ್ರೊಕ್_ಆರ್ಗ್ಸ್ ಕೂಡ ಇಂದಿನ ಎಂಪಿಐಗಳಿಗೆ ಬೇಕಾಗಿಲ್ಲ.

ಸ್ಲಾಟ್ಸ್ ಎಂದರೆ ಆ ಪಿಇ ಮೂಲಕ ಒಟ್ಟಾರೆ ಒಂದು ಹೊತ್ತಿಗೆ ಎಷ್ಟು ಸ್ಲಾಟ್ ಬಳಕೆಯಾಗಬಹುದು ಎಂಬ ಮಿತಿ. ಅದು 0 ಇದ್ದರೆ ಯಾವ ಜಾಬೂ ಓಡದು. ಮಿತಿ ಹಾಕುವ ಉದ್ದೇಶ ಇಲ್ಲದಿದ್ದರೆ 999 ಎಂದು ಬರೆಯಿರಿ, ನಿಜವಾದ ಮಿತಿ ಕ್ಯೂ ಮತ್ತು ಹೋಸ್ಟ್ ಕಡೆಯಿಂದ ಬರುತ್ತದೆ. ಹೈಪರ್‌ಥ್ರೆಡಿಂಗ್ ಇರುವ ಯಂತ್ರದಲ್ಲಿ ಲಿನಕ್ಸ್ 32 ಎಂದು ತೋರಿಸಿದರೂ ಕ್ಯೂನಲ್ಲಿ ನಿಜವಾದ ಕೋರ್‌ಗಳ ಸಂಖ್ಯೆ 16 ಅನ್ನೇ ಕೊಡಿ.

ಸೇವ್ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಬಹಳ ಜನ ಮರೆಯುತ್ತಾರೆ. ಪಿಇಯನ್ನು ಕ್ಯೂಗೆ ಜೋಡಿಸಬೇಕು: ಕ್ಯೂಕಾನ್ಫ್ -ಎಎಟಿಟಿಆರ್ ಕ್ಯೂ ಪಿಇ_ಲಿಸ್ಟ್ ಎಂಪಿಐ ಆಲ್.ಕ್ಯೂ (ಇಲ್ಲಿ ನಡುವಿನ ಕ್ಯೂ ಎಂಬುದು ಸಾಲು ಎಂಬರ್ಥದ ಪೂರ್ತಿ ಪದ, ಕೊನೆಯದು ಬರೀ ಒಂದಕ್ಷರ). ಅಥವಾ ಕ್ಯೂಕಾನ್ಫ್ -ಎಂಕ್ಯೂ ಆಲ್.ಕ್ಯೂ ಎಂದು ತೆರೆದು ಪಿಇ_ಲಿಸ್ಟ್ ಸಾಲಿಗೆ ಕೈಯಾರೆ ಸೇರಿಸಿ.

ಅಲೊಕೇಶನ್ ರೂಲ್‌ನಲ್ಲಿ ಯಾವುದನ್ನು ಆರಿಸಲಿ?

$ಪಿಇ_ಸ್ಲಾಟ್ಸ್ ಎಂದರೆ ಕೇಳಿದ ಎಲ್ಲಾ ಸ್ಲಾಟ್‌ಗಳೂ ಒಂದೇ ನೋಡ್‌ನಲ್ಲಿ. ಎಸ್‌ಎಂಪಿ ಪಿಇಗೆ ಇದೊಂದೇ ಸರಿ, ಬೇರೆ ಆಯ್ಕೆಯೇ ಇಲ್ಲ.

$ಫಿಲ್_ಅಪ್ ಒಂದು ನೋಡ್ ತುಂಬಿಸಿ ಆಮೇಲೆ ಮುಂದಿನದಕ್ಕೆ ಹೋಗುತ್ತದೆ. $ರೌಂಡ್_ರಾಬಿನ್ ಒಂದೊಂದು ನೋಡ್‌ಗೆ ಒಂದೊಂದರಂತೆ ಸುತ್ತುತ್ತಾ ಹಂಚುತ್ತದೆ. 20 ಸ್ಲಾಟ್ ಕೇಳಿದಾಗ ನಾಲ್ಕೂ ನೋಡ್ ಖಾಲಿಯಿದ್ದರೆ ಫಿಲ್_ಅಪ್ 16 ಮತ್ತು 4 ಕೊಡುತ್ತದೆ, ರೌಂಡ್_ರಾಬಿನ್ ಐದೈದು ಕೊಡುತ್ತದೆ. ನಿಧಾನ ನೆಟ್‌ವರ್ಕ್ ಇರುವ ಕಡೆ ಫಿಲ್_ಅಪ್ ಒಳ್ಳೆಯದು. ಮೆಮೊರಿಯನ್ನು ಹೆಚ್ಚು ನುಂಗುವ, ಪರಸ್ಪರ ಕಡಿಮೆ ಮಾತಾಡುವ ಪ್ರೋಗ್ರಾಂಗಳಿಗೆ ರೌಂಡ್_ರಾಬಿನ್.

ನಾಲ್ಕನೆಯ ದಾರಿ, ಬರೀ ಒಂದು ಸಂಖ್ಯೆ ಬರೆಯುವುದು. 8 ಎಂದು ಬರೆದರೆ ಪ್ರತಿ ನೋಡ್‌ನಲ್ಲೂ ಸರಿಯಾಗಿ 8. ಎಂಪಿಐ ಮತ್ತು ಓಪನ್‌ಎಂಪಿ ಎರಡನ್ನೂ ಬೆರೆಸಿ ಓಡಿಸುವವರಿಗೆ ಇದೇ ಬೇಕು. 32 ಕೇಳಿದರೆ ನಾಲ್ಕು ನೋಡ್, ತಲಾ 8. ನೋಡ್‌ಗೊಂದು ಎಂಪಿಐ ಪ್ರೋಸೆಸ್, ಅದರೊಳಗೆ 8 ಥ್ರೆಡ್. ಇಲ್ಲಿ ಮಾತ್ರ $ಎನ್‌ಸ್ಲಾಟ್ಸ್ ಅನ್ನು ನೇರವಾಗಿ -ಎನ್‌ಪಿಗೆ ಕೊಡಬೇಡಿ, ಅದನ್ನು 8ರಿಂದ ಭಾಗಿಸಿ ಕೊಡಿ. ಈ ರೂಲ್ ಇರುವಾಗ 8ರಿಂದ ಭಾಗವಾಗದ ಸಂಖ್ಯೆ ಕೇಳಿದರೆ, ಉದಾಹರಣೆಗೆ 20, ಆ ಜಾಬ್ ಎಂದೆಂದಿಗೂ ಕಾಯುತ್ತಲೇ ಇರುತ್ತದೆ.

ಕಂಟ್ರೋಲ್_ಸ್ಲೇವ್ಸ್ ಟ್ರೂ ಮಾಡಲೇಬೇಕಾ?

ಹಲವು ನೋಡ್‌ಗಳಲ್ಲಿ ಓಡುವ ಪಿಇ ಆದರೆ ಮಾಡಲೇಬೇಕು. ಫಾಲ್ಸ್ ಇದ್ದಾಗ ಎಂಪಿಐರನ್ ಬೇರೆ ನೋಡ್‌ಗಳಿಗೆ ಎಸ್‌ಎಸ್‌ಎಚ್ ಮೂಲಕ ಹೋಗುತ್ತದೆ. ಅಲ್ಲಿ ಶುರುವಾದ ಪ್ರೋಸೆಸ್‌ಗಳು ಗ್ರಿಡ್ ಎಂಜಿನ್‌ನ ಕಣ್ಣಿಗೇ ಬೀಳುವುದಿಲ್ಲ. ನೀವು ಕ್ಯೂಡೆಲ್ (ಜಾಬ್ ಅಳಿಸುವ ಕಮಾಂಡ್) ಮಾಡಿದಾಗ ಮೊದಲ ನೋಡ್‌ನಲ್ಲಿದ್ದದ್ದು ಸಾಯುತ್ತದೆ, ಆಚೆ ನೋಡ್‌ಗಳಲ್ಲಿದ್ದವು ದಿನಗಟ್ಟಲೆ ಓಡುತ್ತಲೇ ಉಳಿಯಬಹುದು. ಸ್ಲಾಟ್ ಖಾಲಿ ಎಂದುಕೊಂಡು ಶೆಡ್ಯೂಲರ್ ಅಲ್ಲಿಗೆ ಇನ್ನೊಬ್ಬರ ಜಾಬ್ ಕಳಿಸುತ್ತದೆ. ಜಾಬ್‌ಗಳ ಸ್ಥಿತಿ ತೋರಿಸುವ ಕ್ಯೂಸ್ಟ್ಯಾಟ್ ನೋಡಿದರೆ ಎಲ್ಲಾ ಸರಿ, ನೋಡ್‌ಗೆ ಹೋಗಿ ಟಾಪ್ ನೋಡಿದರೆ 16 ಕೋರ್ ಮೇಲೆ ಲೋಡ್ 32.

ಟ್ರೂ ಮಾಡಿದರೆ ಆಚೆ ನೋಡ್‌ಗಳ ಪ್ರೋಸೆಸ್‌ಗಳನ್ನು ಗ್ರಿಡ್ ಎಂಜಿನ್ ತನ್ನದೇ ಕ್ಯೂಆರ್‌ಎಸ್‌ಎಚ್ -ಇನ್‌ಹೆರಿಟ್ ಮೂಲಕ ಶುರು ಮಾಡಿಸುತ್ತದೆ. ಕೊಲ್ಲುವುದೂ ಅದೇ, ಸಿಪಿಯು ಲೆಕ್ಕ ಇಡುವುದೂ ಅದೇ. ಇದಕ್ಕೆ ಎಂಪಿಐ ಕೂಡ ಒಪ್ಪಬೇಕು. ಓಪನ್ ಎಂಪಿಐ (ಎಂಪಿಐನ ಒಂದು ಸಾಫ್ಟ್‌ವೇರ್, ಓಪನ್‌ಎಂಪಿ ಅಲ್ಲ) ಅನ್ನು ನೀವೇ ಕಂಪೈಲ್ ಮಾಡುವುದಾದರೆ ಕಾನ್ಫಿಗರ್‌ಗೆ --ವಿತ್-ಎಸ್‌ಜಿಇ ಕೊಡಬೇಕು. 4ನೇ ಸಾಲಿನ ಆವೃತ್ತಿಗಳಲ್ಲಿ ಓಎಂಪಿಐ_ಇನ್ಫೊ ಔಟ್‌ಪುಟ್‌ನಲ್ಲಿ ಗ್ರಿಡ್‌ಎಂಜಿನ್ ಎಂಬ ಪದ ಕಂಡರೆ ಬೆಂಬಲ ಇದೆ ಎಂದರ್ಥ. ಎಂಪಿಚ್ ಎಂಬ ಇನ್ನೊಂದು ಎಂಪಿಐನ ಹೈಡ್ರಾ ತಾನಾಗಿಯೇ ಗುರುತಿಸುತ್ತದೆ. ಹೀಗಿದ್ದಾಗ ಮೆಷಿನ್ ಫೈಲ್ ಕೈಯಲ್ಲಿ ಬರೆಯುವ ಅಗತ್ಯವೇ ಇಲ್ಲ. ಯಾವ ನೋಡ್‌ನಲ್ಲಿ ಎಷ್ಟು ಸ್ಲಾಟ್ ಎಂಬ ಪಟ್ಟಿ $ಪಿಇ_ಹೋಸ್ಟ್‌ಫೈಲ್ (ದೊಡ್ಡಕ್ಷರ) ಹೆಸರಿಸುವ ಫೈಲಿನಲ್ಲಿ ಇರುತ್ತದೆ, ಎಂಪಿಐರನ್ ಅದನ್ನೇ ಓದಿಕೊಳ್ಳುತ್ತದೆ. ಅಣ್ಣಂದಿರ ಹಳೆಯ ಸ್ಕ್ರಿಪ್ಟ್ ಎತ್ತಿಕೊಂಡು ಅದರಲ್ಲಿನ -ಮೆಷಿನ್‌ಫೈಲ್ ಸಾಲನ್ನು ಹಾಗೇ ಬಿಡುವವರು ದಯವಿಟ್ಟು ಅದನ್ನು ಅಳಿಸಿ. ಶೆಡ್ಯೂಲರ್ ಕೊಟ್ಟದ್ದು ಹೇಮಾವತಿ, ನಿಮ್ಮ ಫೈಲಿನಲ್ಲಿರುವುದು ಕಬಿನಿ ಎಂದಾದರೆ ಇಬ್ಬರಿಗೆ ತೊಂದರೆ.

ಜಾಬ್_ಈಸ್_ಫಸ್ಟ್_ಟಾಸ್ಕ್ ಅನ್ನು ಓಪನ್ ಎಂಪಿಐಗೆ ಫಾಲ್ಸ್ ಇಡಿ.

ಜಾಬ್ ಕ್ಯೂಡಬ್ಲ್ಯೂನಲ್ಲೇ (ಕಾಯುವ ಸ್ಥಿತಿ) ನಿಂತಿದೆ. "ಕೆನಾಟ್ ರನ್ ಇನ್ ಪಿಇ, ಇಟ್ ಓನ್ಲಿ ಆಫರ್ಸ್ 0 ಸ್ಲಾಟ್ಸ್" ಅಂತ ಬರುತ್ತೆ. ಆದರೆ ನೋಡ್ ಎಲ್ಲಾ ಖಾಲಿ ಇದೆಯಲ್ಲ?

ಈ ಸಂದೇಶ ದಿಕ್ಕು ತಪ್ಪಿಸುವಂಥದ್ದು. ಪಿಇಯಲ್ಲಿ ಸ್ಲಾಟ್ ಇಲ್ಲ ಎಂದು ಅದು ಹೇಳುತ್ತಿಲ್ಲ. ನೀವು ಕೇಳಿದ ಎಲ್ಲಾ ಷರತ್ತುಗಳನ್ನೂ ಒಟ್ಟಿಗೆ ಪೂರೈಸುವ ಸ್ಲಾಟ್ ಒಂದೂ ಇಲ್ಲ ಎಂದು ಹೇಳುತ್ತಿದೆ. ಹುಡುಕುವ ಕ್ರಮ ಹೀಗಿರಲಿ.

ಮೊದಲು ಕ್ಯೂಸೆಲೆಕ್ಟ್ -ಪಿಇ ಎಂಪಿಐ ಕೊಡಿ. ಒಂದು ಸಾಲೂ ಬರದಿದ್ದರೆ ಪಿಇಯನ್ನು ಕ್ಯೂಗೆ ಜೋಡಿಸಿಯೇ ಇಲ್ಲ. ನೋಡ್‌ಗಳ ಹೆಸರು ಬಂದರೆ ಮುಂದಕ್ಕೆ ಹೋಗಿ. ಕ್ಯೂಸ್ಟ್ಯಾಟ್ -ಎಫ್‌ನಲ್ಲಿ ಯಾವುದಾದರೂ ನೋಡ್‌ನ ಮುಂದೆ ಇ ಅಥವಾ ಎಯು ಎಂಬ ಗುರುತಿದೆಯೇ ನೋಡಿ. ದೊಡ್ಡ ಇ ಇದ್ದರೆ ಹಿಂದೆ ಯಾವುದೋ ಜಾಬ್ ಕೆಟ್ಟು ಆ ಕ್ಯೂ ಎರರ್ ಸ್ಥಿತಿಯಲ್ಲಿದೆ, ಅಡ್ಮಿನ್ ಅದನ್ನು ತೆರವು ಮಾಡುವ ತನಕ ಅಲ್ಲಿ ಏನೂ ಓಡದು. ಎಯು ಎಂದರೆ ಆ ನೋಡ್ ಹೆಡ್ ನೋಡ್‌ಗೆ ಸುದ್ದಿಯನ್ನೇ ಕಳಿಸುತ್ತಿಲ್ಲ.

ಎರಡೂ ಸರಿ ಇದ್ದರೆ ಬಹುಪಾಲು ತಪ್ಪು -ಎಲ್ (ಮೆಮೊರಿ, ಸಮಯ ಮುಂತಾದವನ್ನು ಕೇಳುವ) ಸಾಲಿನಲ್ಲಿರುತ್ತದೆ, ಅದರಲ್ಲೂ ಮೆಮೊರಿಯಲ್ಲಿ. ಅದಕ್ಕೆ ಮುಂದಿನ ಪ್ರಶ್ನೆ ಓದಿ. -ಎಲ್ ಹೋಸ್ಟ್‌ನೇಮ್ ಎಂದು ಒಂದೇ ನೋಡ್ ಹೆಸರಿಸಿ 32 ಸ್ಲಾಟ್ ಕೇಳಿದವರೂ ಇದ್ದಾರೆ, 16 ಕೋರಿನ ನೋಡ್‌ನಲ್ಲಿ ಅದು ಎಂದಿಗೂ ಸಿಗದು.

ಕ್ಯೂಸ್ಟ್ಯಾಟ್ -ಜೆ ಕೊಟ್ಟರೂ ಕಾರಣವೇ ಕಾಣದಿದ್ದರೆ ಶೆಡ್ಯೂಲರ್ ಸಂರಚನೆಯಲ್ಲಿ ಶೆಡ್‌ಡಿ_ಜಾಬ್_ಇನ್ಫೊ ಫಾಲ್ಸ್ ಆಗಿರುತ್ತದೆ. ಅಡ್ಮಿನ್ ಕ್ಯೂಕಾನ್ಫ್ -ಎಂಎಸ್‌ಕಾನ್ಫ್ ತೆರೆದು ಟ್ರೂ ಮಾಡಬಹುದು. ಅದಕ್ಕೆ ಕಾಯದೆ ನೀವೇ ಕ್ಯೂಆಲ್ಟರ್ -ಡಬ್ಲ್ಯೂ ಪಿ ಮತ್ತು ಜಾಬ್ ನಂಬರ್ ಕೊಟ್ಟರೆ ಈ ಕ್ಷಣದ ಸ್ಥಿತಿಯಲ್ಲಿ ಅದು ಏಕೆ ಓಡುತ್ತಿಲ್ಲ ಎಂದು ಹೇಳುತ್ತದೆ. ಪಿ ಬದಲು ವಿ ಕೊಟ್ಟರೆ ಕ್ಲಸ್ಟರ್ ಪೂರ್ತಿ ಖಾಲಿ ಇದ್ದರೂ ಇದು ಓಡಬಲ್ಲದೇ ಎಂದು ಪರೀಕ್ಷಿಸುತ್ತದೆ. ಈ ಎರಡು ಉತ್ತರಗಳ ವ್ಯತ್ಯಾಸದಲ್ಲೇ ಎಷ್ಟೋ ವಿಷಯ ತಿಳಿಯುತ್ತದೆ: ವಿ ಪಾಸಾಗಿ ಪಿ ಫೇಲಾದರೆ ಕಾಯಿರಿ, ವಿ ಕೂಡ ಫೇಲಾದರೆ ಕಾದು ಪ್ರಯೋಜನವಿಲ್ಲ, ಸ್ಕ್ರಿಪ್ಟ್ ತಿದ್ದಿ.

40 ಜಿಬಿ ಬೇಕಿತ್ತು, ಎಚ್_ವಿಮೆಮ್=40ಜಿ ಅಂತ ಹಾಕಿದೆ. 8 ಸ್ಲಾಟ್ ಸಿಗ್ತಾನೇ ಇಲ್ಲ.

ಎಚ್_ವಿಮೆಮ್ ನಮ್ಮಲ್ಲಿ ಸ್ಲಾಟ್‌ಗೆ ಇಷ್ಟು ಎಂದು ಲೆಕ್ಕವಾಗುತ್ತದೆ, ಜಾಬಿಗೆ ಇಷ್ಟು ಎಂದಲ್ಲ. ನೀವು ಕೇಳಿದ್ದು 8 ಗುಣಿಸು 40, ಅಂದರೆ 320 ಜಿಬಿ. ನೋಡ್‌ನಲ್ಲಿರುವುದು 64. ಒಟ್ಟು 40 ಬೇಕಿದ್ದರೆ ಎಚ್_ವಿಮೆಮ್=5ಜಿ ಹಾಕಿ. ಸರಿಸಮ ಪಾಲೆಂದರೆ ಒಂದು ಕೋರ್‌ಗೆ 4 ಜಿಬಿ. ಅದಕ್ಕಿಂತ ಹೆಚ್ಚು ಕೇಳಿದರೆ ನೋಡ್‌ನ ಕೆಲವು ಕೋರ್‌ಗಳು ಮೆಮೊರಿ ಇಲ್ಲದೆ ಖಾಲಿ ಉಳಿಯುತ್ತವೆ ಎಂಬುದು ನೆನಪಿರಲಿ.

ಅಡ್ಮಿನ್‌ಗಳಿಗೆ: ಕ್ಯೂಕಾನ್ಫ್ -ಎಂಸಿಯಲ್ಲಿ ಎಚ್_ವಿಮೆಮ್‌ನ ಕನ್ಸ್ಯೂಮಬಲ್ ಕಾಲಂ ಮೊದಲಿಗೆ ನೋ ಎಂದಿರುತ್ತದೆ. ಅದನ್ನು ಯೆಸ್ ಮಾಡಿ, ಪ್ರತಿ ನೋಡ್‌ನ ಕಾಂಪ್ಲೆಕ್ಸ್_ವ್ಯಾಲ್ಯೂಸ್‌ನಲ್ಲಿ ಅದರ ನಿಜವಾದ ಮೆಮೊರಿ ಬರೆದರೆ ಮಾತ್ರ ಈ ಕಾವಲು ಕೆಲಸ ಮಾಡುತ್ತದೆ.

ನನ್ನ 48 ಸ್ಲಾಟಿನ ಜಾಬ್ ದಿನಗಟ್ಟಲೆ ಕಾಯ್ತಿದೆ. ನಂತರ ಬಂದ ಚಿಕ್ಕ ಜಾಬ್‌ಗಳೆಲ್ಲಾ ಮುಂದೆ ಹೋಗ್ತಿವೆ. ಇದು ನ್ಯಾಯಾನಾ?

ನ್ಯಾಯವಲ್ಲ, ಅದಕ್ಕೇ ರಿಸರ್ವೇಶನ್ ಇದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆಯ ರೈತರನ್ನು ಕೇಳಿ. ಮೇಲಿನವರೆಲ್ಲ ಸ್ವಲ್ಪಸ್ವಲ್ಪ ತಿರುಗಿಸಿಕೊಳ್ಳುತ್ತಾ ಹೋದರೆ ಕೆಳಗಿನ ಗದ್ದೆಗೆ ನೀರೇ ತಲುಪದು. ಅದಕ್ಕೇ ಕಟ್ಟು ಪದ್ಧತಿ, ಸರದಿಯಂತೆ ತೂಬು ಮುಚ್ಚಿ ತೆರೆಯುವುದು. ಇಲ್ಲೂ ಹಾಗೇ. ಖಾಲಿಯಾದ ಎರಡು, ಮೂರು ಸ್ಲಾಟ್‌ಗಳು ಆಗಿಂದಾಗಲೇ ಚಿಕ್ಕ ಜಾಬ್‌ಗಳ ಪಾಲಾಗುತ್ತವೆ. 48 ಒಟ್ಟಿಗೆ ಖಾಲಿಯಾಗುವ ಹೊತ್ತು ಬರುವುದೇ ಇಲ್ಲ.

ಕ್ಯೂಸಬ್‌ಗೆ -ಆರ್ ವೈ ಸೇರಿಸಿ, ಇಲ್ಲಿ ದೊಡ್ಡ ಆರ್. ಆಗ ಶೆಡ್ಯೂಲರ್ ನಿಮಗಾಗಿ ಸ್ಲಾಟ್‌ಗಳನ್ನು ಹಿಡಿದಿಡಲು ಶುರು ಮಾಡುತ್ತದೆ. ಆದರೆ ಮ್ಯಾಕ್ಸ್_ರಿಸರ್ವೇಶನ್ ಎಂಬುದು ಡೀಫಾಲ್ಟ್ ಆಗಿ 0. ಅಡ್ಮಿನ್ ಅದನ್ನು ಹೆಚ್ಚಿಸದಿದ್ದರೆ ನೀವು ಎಷ್ಟು ಸಲ -ಆರ್ ವೈ ಬರೆದರೂ ಏನೂ ಆಗದು. ನಮ್ಮಲ್ಲಿ ಅದನ್ನು 4 ಎಂದು ಇಟ್ಟಿದ್ದೇವೆ.

ಇದರ ಜೊತೆ ಎಲ್ಲರೂ -ಎಲ್ ಎಚ್_ಆರ್‌ಟಿ ಕೊಡಬೇಕು, ಅಂದರೆ ಹೆಚ್ಚೆಂದರೆ ಎಷ್ಟು ಗಂಟೆ ಓಡುತ್ತದೆ ಎಂಬ ಅಂದಾಜು. ದೊಡ್ಡ ಜಾಬಿಗಾಗಿ ಹಿಡಿದಿಟ್ಟ ಕೋರ್‌ಗಳಲ್ಲಿ ಅಷ್ಟರೊಳಗೆ ಮುಗಿಯಬಲ್ಲ ಚಿಕ್ಕ ಜಾಬ್‌ಗಳನ್ನು ಶೆಡ್ಯೂಲರ್ ಓಡಿಸಿಕೊಳ್ಳುತ್ತದೆ. ಯಾರೂ ಸಮಯ ಹೇಳದಿದ್ದರೆ ಆ ಲೆಕ್ಕ ಸಾಧ್ಯವಿಲ್ಲ. ದಸರಾ ರಜೆಗೆ ಊರಿಗೆ ಹೊರಡುವ ಮುಂಚೆ ಎಲ್ಲರೂ ಒಟ್ಟಿಗೆ ದೊಡ್ಡ ಜಾಬ್ ಹಾಕುವ ಆ ವಾರದಲ್ಲಂತೂ ಎಚ್_ಆರ್‌ಟಿ ಇಲ್ಲದ ಜಾಬ್ ಹಾಕಬೇಡಿ.

ಹಳೆಯ ನೋಡ್‌ಗಳೂ ಹೊಸ ನೋಡ್‌ಗಳೂ ಸೇರಿ ಒಂದೇ ಎಂಪಿಐ ಜಾಬ್ ಓಡೋದು ಬೇಡ. ಏನು ಮಾಡಲಿ?

ಒಳ್ಳೆಯ ಯೋಚನೆ. ಪ್ರತಿ ಹೆಜ್ಜೆಗೂ ಎಲ್ಲರೂ ನಿಧಾನದವನಿಗಾಗಿ ಕಾಯುವ ಲೆಕ್ಕಾಚಾರದಲ್ಲಿ ಒಂದು ಹಳೆಯ ನೋಡ್ ಸೇರಿದರೂ ಹೊಸದರ ವೇಗ ವ್ಯರ್ಥ. ಎಂಪಿಐ_ಹಳೆ, ಎಂಪಿಐ_ಹೊಸ ಎಂಬಂತೆ ಎರಡು ಪಿಇ ಮಾಡಿ (ಹೆಸರು ಇಂಗ್ಲಿಷ್ ಅಕ್ಷರದಲ್ಲಿ). ಕ್ಯೂನ ಪಿಇ_ಲಿಸ್ಟ್‌ನಲ್ಲಿ ಹೋಸ್ಟ್‌ಗ್ರೂಪ್ ಪ್ರಕಾರ ಒಂದೊಂದು ಗುಂಪಿಗೆ ಒಂದೊಂದನ್ನು ಜೋಡಿಸಿ. ಬಳಸುವವರು -ಪಿಇ "ಎಂಪಿಐ_*" 16 ಎಂದು ಕೇಳಿದರೆ ಯಾವ ಗುಂಪು ಖಾಲಿಯಿದೆಯೋ ಅದು ಸಿಗುತ್ತದೆ, ಎರಡೂ ಬೆರೆಯುವುದಿಲ್ಲ. ಉದ್ಧರಣ ಚಿಹ್ನೆ ಬಿಟ್ಟರೆ ನಕ್ಷತ್ರವನ್ನು ಶೆಲ್ ತಾನೇ ಅರ್ಥ ಮಾಡಲು ಹೋಗಬಹುದು, ಮರೆಯಬೇಡಿ. ಎರಡು ಸ್ವಿಚ್‌ಗಳಿರುವ ಕಡೆಯೂ ಇದೇ ಉಪಾಯ.

ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ ಜಾಬ್ ಗತಿ?

ಸಣ್ಣ ಆರ್‌ನ -ಆರ್ ವೈ ಹಾಕಿದ್ದರೆ ಜಾಬ್ ಮತ್ತೆ ಸಾಲಿಗೆ ಬರಬಹುದು, ಆದರೆ ಅದು ಮೊದಲಿನಿಂದ ಶುರುವಾಗುತ್ತದೆ. ನಡುವಿನಿಂದ ಮುಂದುವರಿಸುವುದು ಪ್ರೋಗ್ರಾಂನ ಕೆಲಸ. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೊಮ್ಯಾಕ್ಸ್ ತಾನಾಗಿ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ಸ್ಥಿತಿ) ಬರೆಯುತ್ತದೆ. ಸ್ಕ್ರಿಪ್ಟಿನಲ್ಲಿ -ಸಿಪಿಐ ಇದ್ದರೆ ಅಲ್ಲಿಂದ ಎತ್ತಿಕೊಳ್ಳುತ್ತದೆ. ನಿಮ್ಮದೇ ಕೋಡ್ ಆದರೆ ಇಂಥ ವ್ಯವಸ್ಥೆ ಬರೆದುಕೊಳ್ಳಿ. ಬೇಸಿಗೆ ಮಳೆಯ ಗುಡುಗು ಸಿಡಿಲಿನ ತಿಂಗಳುಗಳಲ್ಲಿ ಇದು ಐಷಾರಾಮವಲ್ಲ, ಅಗತ್ಯ.

ಬೇರೆ ಕಡೆ ಎಲ್ಲಾ ಸ್ಲರ್ಮ್ ಅನ್ನೋ ಇನ್ನೊಂದು ಶೆಡ್ಯೂಲರ್ ಅಂತಾರೆ. ಇದನ್ನೆಲ್ಲಾ ಕಲಿತು ಏನುಪಯೋಗ?

ಗ್ರಿಡ್ ಎಂಜಿನ್ ಹಳೆಯದು ಎನ್ನುವುದು ನಿಜ. ಕೋಡೈನ್ ಎಂಬ ಹೆಸರಿನಿಂದ ಶುರುವಾಗಿ, 2000ದಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯ ಕೈಗೆ ಬಂದು, 2010ರಲ್ಲಿ ಸನ್ ಜೊತೆಗೇ ಒರಾಕಲ್ ಪಾಲಾಯಿತು. ಆಮೇಲೆ ಹಲವು ಕವಲುಗಳಾಗಿ ಒಡೆದು ಇವತ್ತಿಗೂ ಬಳಕೆಯಲ್ಲಿದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ಲರ್ಮ್ ಈಗ ಹೆಚ್ಚು ಕಡೆ ಇದೆ. 2022ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಶುರುವಾದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಲ್ಲೂ ಅದೇ.

ಸ್ಲರ್ಮ್‌ನಲ್ಲಿ ಪಿಇ ಎಂಬುದಿಲ್ಲ. ಅಡ್ಮಿನ್ ಮೊದಲೇ ಬರೆದಿಟ್ಟ ರೂಲ್‌ನ ಬದಲು ನೀವೇ ಸ್ಕ್ರಿಪ್ಟಿನಲ್ಲಿ --ನೋಡ್ಸ್, --ಎನ್‌ಟಾಸ್ಕ್ಸ್, --ಸಿಪಿಯುಸ್-ಪರ್-ಟಾಸ್ಕ್ ಎಂದು ಹೇಳುತ್ತೀರಿ. ನಮ್ಮ ಎಸ್‌ಎಂಪಿ 8 ಅಲ್ಲಿ ಒಂದು ಟಾಸ್ಕ್, ಟಾಸ್ಕ್‌ಗೆ 8 ಸಿಪಿಯು. ನಮ್ಮ ಎಂಪಿಐ 16 ಅಲ್ಲಿ 16 ಟಾಸ್ಕ್. ಕೇಳಿದ್ದಕ್ಕೂ ಓಡಿಸಿದ್ದಕ್ಕೂ ಹೊಂದಿಕೆ ಇರಬೇಕು ಎಂಬ ಮಾತು ಅಲ್ಲೂ ತಪ್ಪದು, ಅಲ್ಲೂ ಒಎಂಪಿ_ನಮ್_ಥ್ರೆಡ್ಸ್ ಅನ್ನು ನೀವೇ ತುಂಬಬೇಕು. ಇಲ್ಲಿ 64 ಕೋರ್‌ಗಳಲ್ಲಿ ಅಳೆದು ತಿಳಿದುಕೊಂಡವರು ಅಲ್ಲಿ ಸಾವಿರ ಕೋರ್ ಕೇಳುವ ಅರ್ಜಿಯನ್ನು ಆಧಾರ ಸಮೇತ ಬರೆಯಬಲ್ಲರು.

ಏನು ಮಾಡಿದರೂ ಆಗದಿದ್ದರೆ ಸಹಾಯ ಕೇಳುವಾಗ ಏನು ಕಳಿಸಬೇಕು?

"ಜಾಬ್ ಓಡ್ತಿಲ್ಲ ಸರ್" ಎಂಬ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಜಾಬ್ ನಂಬರ್, ಸ್ಕ್ರಿಪ್ಟ್ ಪೂರ್ತಿಯಾಗಿ, ಕಾಯುತ್ತಿದ್ದರೆ ಕ್ಯೂಆಲ್ಟರ್ -ಡಬ್ಲ್ಯೂ ಪಿ ಮತ್ತು ವಿ ಎರಡರ ಉತ್ತರ, ಮುಗಿದು ಹೋಗಿದ್ದರೆ ಕ್ಯೂಅಕೌಂಟ್ -ಜೆ ಔಟ್‌ಪುಟ್ ಮತ್ತು ಎರರ್ ಫೈಲ್. ಎಂಪಿಐ ಜಾಬ್ ಈಗ ಓಡುತ್ತಿದ್ದರೆ ಕ್ಯೂಸ್ಟ್ಯಾಟ್ -ಜಿ ಟಿ ಕೂಡ, ಅದರಲ್ಲಿ ಯಾವ ನೋಡ್‌ನಲ್ಲಿ ಮಾಸ್ಟರ್, ಯಾವ ನೋಡ್‌ಗಳಲ್ಲಿ ಸ್ಲೇವ್ ಎಂದು ಕಾಣುತ್ತದೆ. ಸ್ಕ್ರೀನಿನ ಫೋಟೊ ಬೇಡ, ಅಕ್ಷರಗಳನ್ನೇ ಕಾಪಿ ಮಾಡಿ ಕಳಿಸಿ. ಜಾಬ್ ಅನ್ನು ಅಳಿಸುವ ಮುಂಚೆ ಕಳಿಸಿದರೆ ಇನ್ನೂ ಒಳ್ಳೆಯದು, ಕಾಯುತ್ತಿರುವ ಜಾಬನ್ನು ಕ್ಯೂಡೆಲ್ ಮಾಡಿಬಿಟ್ಟರೆ ಕಾರಣ ಹುಡುಕಲು ಏನೂ ಉಳಿದಿರುವುದಿಲ್ಲ.